ತುಪ್ಪ ಇಲ್ಲದ ಒಪ್ಪತ್ತು

ನಮ್ಮೂರಲ್ಲಿ ಒಪ್ಪತ್ತು ಅಂದ್ರೆ ಹಾಲು, ಹಣ್ಣು, ರಾತ್ರಿಗೆ ತುಪ್ಪ ಹಾಕಿದ ಉಪ್ಪಿಟ್ಟು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟೋ ಹಾಗಿಲ್ಲ. ಇಥಿಯೋಪಿಯಾದಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ‘ತ್ಸೋಮ್’ ದಿನ ಮಾಂಸ, ಮೊಟ್ಟೆ ಜೊತೆಗೆ ಹಾಲು, ಬೆಣ್ಣೆ, ತುಪ್ಪವನ್ನೂ ಬಿಡ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಧಾರಾಳ. ಹೆಚ್ಚುಕಮ್ಮಿ ವರ್ಷವಿಡೀ ಬುಧವಾರ, ಶುಕ್ರವಾರ ತ್ಸೋಮ್. ಈಸ್ಟರ್‌ಗೆ ಮುಂಚೆ ಸತತ 55 ದಿನ. ಕಟ್ಟುನಿಟ್ಟಿನವರು ಮಧ್ಯಾಹ್ನ 3 ಗಂಟೆವರೆಗೆ ಏನೂ ತಿನ್ನಲ್ಲ.

ಪ್ರಾಜೆಕ್ಟ್ ಮೇಲೆ ನಾನು ಅಡಿಸ್ ಅಬಾಬಾದಲ್ಲಿದ್ದ ಮೂರು ತಿಂಗಳಲ್ಲೇ ಆ 55 ದಿನವೂ ಬಂತು. ಮನೆ ಓನರ್ ಅಜ್ಜಿಯ ಅಡುಗೆಮನೆಯಲ್ಲಿ ನಿಂತು ಮಿಸಿರ್ ವೊಟ್ ಮಾಡೋದು ಕಲಿತೆ. ಅವರಿಗೆ ಇಂಗ್ಲಿಷ್ ಬರಲ್ಲ, ನನಗೆ ಅಮ್ಹಾರಿಕ್ ಬರಲ್ಲ. ಸೌಟೇ ನಮ್ಮ ಭಾಷೆ.

ಮೊದಲು ಕೆಂಪು ಈರುಳ್ಳಿ, ಬೇಳೆಗಿಂತ ಇದೇ ಜಾಸ್ತಿಯೇನೋ ಅನ್ನಿಸುವಷ್ಟು. ಸಣ್ಣಗೆ ಹೆಚ್ಚಿ, ಒಂದು ತೊಟ್ಟೂ ಎಣ್ಣೆಯಿಲ್ಲದೆ ಬರೀ ಪಾತ್ರೆಯಲ್ಲಿ ಸಣ್ಣ ಉರಿಗೆ ಬಾಡಿಸಬೇಕು. ತನ್ನ ನೀರಲ್ಲೇ ಬೆಂದು ಕೆಂಪಗಾಗಲು ಅರ್ಧ ಗಂಟೆಯಾದರೂ ಬೇಕು. ತಳ ಹಿಡಿಯುತ್ತೆ ಅನ್ನಿಸಿದಾಗ ಒಂದು ಚಮಚ ನೀರು. ಆಮೇಲೆ ಎಣ್ಣೆ, ಬೆಳ್ಳುಳ್ಳಿ, ಶುಂಠಿ, ಎರಡು ಚಮಚ ಬರ್ಬೆರೆ. ಒಣಮೆಣಸಿನಕಾಯಿ, ಮೆಂತ್ಯ, ಓಮ, ಅಲ್ಲಿನದೇ ಒಂದು ಜಾತಿಯ ಏಲಕ್ಕಿ ಎಲ್ಲ ಸೇರಿದ ಪುಡಿ ಇದು, ನಮ್ಮ ಸಾರಿನಪುಡಿಯ ದೊಡ್ಡಣ್ಣ. ಹಸಿವಾಸನೆ ಹೋದ ಮೇಲೆ ತೊಳೆದ ಮಸೂರ್ ಬೇಳೆ, ಬಿಸಿನೀರು, ಉಪ್ಪು ಹಾಕಿ ಗಟ್ಟಿಯಾಗುವವರೆಗೆ ಕುದಿಸೋದು. ಬೇರೆ ದಿನ ಮಸಾಲೆ ಹಾಕಿ ಕಾಯಿಸಿದ ತುಪ್ಪ ‘ನಿತರ್ ಕಿಬ್ಬೆ’ ಬೀಳುತ್ತೆ. ತ್ಸೋಮ್ ದಿನ ಆ ಡಬ್ಬಿ ಮುಚ್ಚಿದ್ದು ಮುಚ್ಚಿದ್ದೇ. ತೆಫ್ ಹಿಟ್ಟನ್ನು ಹುಳಿ ಬರಿಸಿ ಹುಯ್ದ ಇಂಜೆರಾ ಮೇಲೆ ಇದನ್ನು ಬಡಿಸಿಕೊಂಡು ತಿನ್ನೋದು.

ಆ ಎಣ್ಣೆಯ ಘಮ ಮಾತ್ರ ನನಗೆ ಹೊಸದಲ್ಲ. ಯಾವ ಎಣ್ಣೆ ಅಂತ ಕೈಸನ್ನೆ ಮಾಡಿ ಕೇಳಿದ್ದಕ್ಕೆ ಅಜ್ಜಿ ಒಂದು ಹಿಡಿ ಕಪ್ಪು ಕಾಳು ತೋರಿಸಿ ‘ನೂಗ್’ ಅಂದ್ರು. ಹುಚ್ಚೆಳ್ಳು! ನಮ್ಮ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹಳದಿ ಹೂ ಬಿಡುತ್ತಿದ್ದ ಅದೇ ಹುಚ್ಚೆಳ್ಳು. ಅದರ ತವರು ಇಥಿಯೋಪಿಯಾನೇ. ರಾಗಿ ಕೂಡ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಸಾವಿರಾರು ವರ್ಷದ ಹಿಂದೆ ನಮ್ಮಲ್ಲಿಗೆ ಬಂದಿದ್ದು.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಎರಡೆಕರೆ ಬೀಳು ಬಿದ್ದಿತ್ತು. ಲೇಔಟ್‌ನವರು ಕೇಳ್ತಿದ್ರು. ಅಣ್ಣ ಒಪ್ಪಿದ್ದ, ನನ್ನ ಸಹಿಯೊಂದು ಬಾಕಿ. ನನ್ನ ಫ್ಲ್ಯಾಟ್ ಸಾಲವೂ ತೀರುತ್ತಿತ್ತು. ಅಮ್ಮ ಮಾತ್ರ ಬೇಕು ಅಂತಲೂ ಅಂದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ.

“ಒಪ್ಪತ್ತಿಗೆ ಈರುಳ್ಳಿ ಹಾಕ್ತಾರಾ?” ಅಮ್ಮನಿಗೆ ನಗು.

“ಹೂಂ. ಹುಚ್ಚೆಳ್ಳೆಣ್ಣೇನೂ ಹಾಕ್ತಾರೆ.”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಬಿತ್ನೆಗೆ ಅಂತ ನಿಮ್ಮಪ್ಪ ಕಟ್ಟಿಟ್ಟಿದ್ದು ಇನ್ನೂ ಅಟ್ಟದ ಮೇಲೇ ಅದೆ ಕಣಪ್ಪ” ಅಂದಳು.

ನಾನು ಸಹಿ ಹಾಕಲಿಲ್ಲ. ಅಣ್ಣನ ಹತ್ರ ಆ ಮಾತು ಇನ್ನೂ ಮುಗಿದಿಲ್ಲ, ಇಎಂಐ ಇನ್ನೂ ಹನ್ನೊಂದು ವರ್ಷ ಇದೆ. ಆ ಮಳೆಗಾಲ ಮಾತ್ರ ರಾಗಿ ಬಿತ್ತಿಸಿದ್ವಿ, ಅಕ್ಕಡಿಗೆ ಅಪ್ಪನ ಹುಚ್ಚೆಳ್ಳು. ಗಾಣದಿಂದ ಬಂದ ಎಣ್ಣೆಯಲ್ಲಿ ಅಮ್ಮನಿಗೆ ಮಿಸಿರ್ ವೊಟ್ ಮಾಡಿಕೊಟ್ಟೆ. ಈರುಳ್ಳಿ ಇದೆಯಲ್ಲ, ಸೋಮವಾರ ಬಿಟ್ಟು ಮಂಗಳವಾರ. ಅಮ್ಮ ಮುದ್ದೆ ಮುರಿದು ಅದರಲ್ಲಿ ಅದ್ದಿಕೊಂಡು ತಿಂದು, “ಚೆನ್ನಾಗದೆ. ಒಂಚೂರು ತುಪ್ಪ ಬೇಕಿತ್ತು” ಅಂದಳು.