ಮಾವನವರ ತಂಬಾಕು

ವರ್ಗಾವಣೆಯ ನೌಕರಿ ಹಿಡಿದವರ ಮನೆಯಲ್ಲಿ ಸಾಮಾನುಗಳು ಎರಡು ಜಾತಿ. ಎತ್ತಿ ಟೆಂಪೋದಲ್ಲಿ ಇಟ್ಟರೆ ಸುಮ್ಮನೆ ಕೂತು ಬರುವವು ಒಂದು. ಎತ್ತಿದ ಕ್ಷಣದಿಂದ ರಗಳೆ ತೆಗೆಯುವವು ಇನ್ನೊಂದು. ಕಪಾಟು, ಕಾಟು, ಹಿತ್ತಾಳೆ ಹಂಡೆ, ಬೀಸುವ ಕಲ್ಲು ಮೊದಲ ಜಾತಿಯವು. ಅವಕ್ಕೆ ರಾಮದುರ್ಗವಾದರೇನು, ಕಿತ್ತೂರಾದರೇನು? ಆದರೆ ಹಪ್ಪಳ, ಶಾವಿಗೆ, ಗುರೆಳ್ಳು ಚಟ್ನಿ, ರಂಜಕದ ಭರಣಿ ಇವಕ್ಕೆ ಊರಿನ ಗಾಳಿ ಗೊತ್ತಾಗುತ್ತದೆ. ಸವದತ್ತಿಯಲ್ಲಿ ಗರಿಗರಿಯಾಗಿದ್ದ ಹಪ್ಪಳ ಕಿತ್ತೂರಿನ ಆಷಾಢದಲ್ಲಿ ಹಸಿ ಬಟ್ಟೆಯ ಹಾಗೆ ಬಾಗುತ್ತದೆ. ಇದು ಗೃಹಿಣಿಯರಾದ ನಿಮಗೆ ನಾನು ಹೇಳಿಕೊಡಬೇಕಾದ ಮಾತಲ್ಲ.

ನಮ್ಮ ಮನೆಯಲ್ಲಿ ಈ ಎರಡನೆಯ ಜಾತಿಗೆ ಸೇರಿದ, ಎಲ್ಲಕ್ಕಿಂತ ಹೆಚ್ಚು ರಗಳೆಯ ವಸ್ತುವೆಂದರೆ ಮಾವನವರ ತಂಬಾಕು.

ದಿನವೂ ಚುಟ್ಟಾ ಸುತ್ತಿ ಸೇದಲು ಅವರು ಸಂತೆಯಿಂದ ತರುತ್ತಿದ್ದ ನಿಪ್ಪಾಣಿಯ ತಂಬಾಕಿನ ಮಾತಲ್ಲ ಇದು. ಅದು ವಾರಕ್ಕೆ ಬರುತ್ತಿತ್ತು, ವಾರಕ್ಕೆ ಮುಗಿಯುತ್ತಿತ್ತು. ನಾನು ಹೇಳುತ್ತಿರುವುದು ತಗಡಿನ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟಿದ್ದ ಎರಡು ಸೂಡು ಎಲೆಯ ಮಾತು. ಮಲಪ್ರಭೆಯ ದಂಡೆಗೆ ಅವರ ಹೊಲವಿತ್ತು. ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ 1972ರ ಸುಮಾರಿಗೆ ನೀರು ನಿಂತಾಗ ಆ ಹೊಲ ರೇಣುಕಾಸಾಗರದ ಒಳಗೆ ಹೋಯಿತು. ಹಿತ್ತಲಿಗೆ ಹೊಂದಿ ನಾಲ್ಕು ಸಾಲು ತಂಬಾಕನ್ನು ಮನೆಯ ಖರ್ಚಿಗೆಂದು ಹಾಕುತ್ತಿದ್ದರಂತೆ. ಮುಳುಗಡೆಯ ಹಿಂದಿನ ಸುಗ್ಗಿಯ ಕೊನೆಯ ಎಲೆ ಅದು. ಆ ನೀರಿನಿಂದ ಕೆಳಗಿನ ಸೀಮೆಯೆಲ್ಲ ಹಸಿರಾಯಿತೆಂದು ನಾನು ಮಕ್ಕಳಿಗೆ ಪಾಠ ಹೇಳಿದ್ದೇನೆ, ಸುಳ್ಳಲ್ಲ. ಮಾವನವರೂ ಅದನ್ನು ಒಪ್ಪುತ್ತಿದ್ದರು. ಒಪ್ಪಿ, “ಹೊಲಾ ಮುಳಗೇತಿ ಯವ್ವಾ, ಎಲಿ ಮುಳಗಿಲ್ಲ” ಎಂದು ಡಬ್ಬಿಯ ಕಡೆ ಕೈ ಮಾಡುತ್ತಿದ್ದರು.

ಆ ಎಲೆಯನ್ನು ಅವರು ವರ್ಷಕ್ಕೊಮ್ಮೆ ಮಾತ್ರ ಮುಟ್ಟುತ್ತಿದ್ದರು, ಎಳ್ಳು ಅಮಾವಾಸ್ಯೆಯ ದಿನ. ಅಂದು ನಮ್ಮ ಕಡೆ ರೈತರೆಲ್ಲ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಹೊಲವಿಲ್ಲದ ಮಾವನವರು ಕಟ್ಟೆಯ ಮೇಲೆ ಕೂತು ಹಳೆಯ ಎಲೆಯಲ್ಲಿ ಒಂದು ಚುಟ್ಟಾ ಸುತ್ತಿ, ಮೂಡಣಕ್ಕೆ ಮುಖ ಮಾಡಿ ಸೇದುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತನಾಡಿಸುತ್ತಿರಲಿಲ್ಲ.

ತಂಬಾಕಿನ ಸ್ವಭಾವ ವಿಚಿತ್ರ. ಒಣಗಿದರೆ ಮುಟ್ಟಿದ ಕೂಡಲೇ ಪುಡಿ, ತೇವವಾದರೆ ಬೂಷ್ಟು. ನಡುವೆ ಒಂದು ಸಣ್ಣ ಹದ ಇದೆ. ಆ ಹದದಲ್ಲಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ, ಘಾಟು ಇಳಿದು ಮೆತ್ತಗಾಗುತ್ತ ಹೋಗುತ್ತದೆ. ಒಣಗಿದ ಎಲೆಯನ್ನು ಹಗಲು ಮುಟ್ಟಬಾರದು, ನಸುಕಿನ ಇಬ್ಬನಿಯಲ್ಲಿ ಎಲೆ ತಾನೇ ಮೆತ್ತಗಾದಾಗ ಸೂಡು ಕಟ್ಟಬೇಕು ಎಂದು ಅವರು ಹೇಳುತ್ತಿದ್ದರು. ಸವದತ್ತಿಯ ಮನೆಯಲ್ಲಿ ಜೋಳದ ಕಣಜವಿತ್ತು. ಡಬ್ಬಿಯನ್ನು ಅದರೊಳಗೆ ಹೂತಿಡುತ್ತಿದ್ದರು. ಸುತ್ತಲೂ ಕಾಳು ಇದ್ದರೆ ಬಿಸಿಲೂ ತಟ್ಟದು, ಮಳೆಯ ಗಾಳಿಯೂ ತಟ್ಟದು. ಮೂವತ್ತು ವರ್ಷ ಆ ಎಲೆ ಹಾಗೇ ಇತ್ತು.

2001ರಲ್ಲಿ ನನಗೆ ರಾಮದುರ್ಗಕ್ಕೆ ವರ್ಗವಾಯಿತು. ಬಾಡಿಗೆಯ ಮನೆ, ಎರಡು ಖೋಲಿ, ಕಣಜ ಎಲ್ಲಿಯದು? ರಾಮದುರ್ಗದ ಬೇಸಿಗೆಯನ್ನು ಬಲ್ಲವರೇ ಬಲ್ಲರು. ತಗಡಿನ ಡಬ್ಬಿ ಮಧ್ಯಾಹ್ನ ಹಂಚಿನ ಹಾಗೆ ಕಾಯುತ್ತಿತ್ತು. ಮುಂದಿನ ಯುಗಾದಿಯ ಹೊತ್ತಿಗೆ ಮೇಲಿನ ನಾಲ್ಕು ಎಲೆ ಬೆರಳಿನಲ್ಲಿ ಉದುರಿದವು. ಮಾವನವರು ಏನೂ ಅನ್ನಲಿಲ್ಲ. ಉದುರಿದ ಪುಡಿಯನ್ನು ಕಾಗದದಲ್ಲಿ ಕಟ್ಟಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು, ಅಷ್ಟೇ. ಅತ್ತೆಯವರು ಆ ಡಬ್ಬಿಯನ್ನು ನೀರಿನ ಮಣ್ಣಿನ ಗಡಿಗೆಗಳ ಸಂದಿಯಲ್ಲಿಟ್ಟು, ಮೇಲೆ ಗೋಣಿತಟ್ಟು ಹೊದಿಸಿ, ದಿನಾ ಸಂಜೆ ನೀರು ಚಿಮುಕಿಸತೊಡಗಿದರು. ರಾಮದುರ್ಗದಲ್ಲಿ ಎಲೆ ಉಳಿದದ್ದು ಹಾಗೆ.

ಇಲ್ಲಿ ನನ್ನ ಮನಸ್ಸಿನ ಮಾತನ್ನೂ ಹೇಳಿಬಿಡಬೇಕು. ನನಗೆ ತಂಬಾಕು ಆಗಿಬರುವುದಿಲ್ಲ. ವಾಸನೆಗಷ್ಟೇ ಅಲ್ಲ. ಗಲ್ಲದ ಹುಣ್ಣಿನಿಂದ ಬಾಯಿ ತೆರೆಯಲಾರದೆ ಗಂಜಿಯಲ್ಲಿ ದಿನ ತಳ್ಳಿದ ಇಬ್ಬರು ಹೆಣ್ಣುಮಕ್ಕಳನ್ನು ಹತ್ತಿರದಿಂದ ಕಂಡಿದ್ದೇನೆ. ಇಬ್ಬರೂ ಹಂಚಿನ ಮೇಲೆ ತಂಬಾಕು ಸುಟ್ಟು ಮಿಶ್ರಿ ಮಾಡಿ ಹಲ್ಲಿಗೆ ತಿಕ್ಕುತ್ತಿದ್ದವರು. ಗಂಡಸರ ಚುಟ್ಟಾಕ್ಕೆ ಕಟ್ಟೆಯ ಮೇಲೆ ಜಾಗ, ಅದಕ್ಕೊಂದು ಗತ್ತು. ಹೆಂಗಸರ ಮಿಶ್ರಿಗೆ ಬಚ್ಚಲಿನ ಗೂಡು. ರೋಗ ಮಾತ್ರ ಇಬ್ಬರಿಗೂ ಒಂದೇ. ನಾನು ಕೆಲಸ ಮಾಡುವ ಶಾಲೆಯ ಗೇಟಿನ ಮೇಲೆ ಫಲಕವಿದೆ: 2003ರ ಕಾಯ್ದೆಯ ಪ್ರಕಾರ ಶಾಲೆಯ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ. ಮುಂಜಾನೆಯ ಪ್ರಾರ್ಥನೆಯಲ್ಲಿ ಮಕ್ಕಳಿಂದ ಪ್ರತಿಜ್ಞೆ ಮಾಡಿಸಿದ ಅಕ್ಕೋರು ಸಂಜೆ ಮನೆಗೆ ಬಂದು ತಂಬಾಕಿನ ಡಬ್ಬಿ ಒಣಗಿತೇ ಎಂದು ನೋಡುವುದನ್ನು ನೀವು ಏನೆನ್ನುತ್ತೀರೋ ಅನ್ನಿರಿ. ನನಗಂತೂ ಆ ಎರಡು ಸೂಡು ತಂಬಾಕಾಗಿ ಕಾಣುತ್ತಿರಲಿಲ್ಲ.

2009ರ ಜೂನ್‌ನಲ್ಲಿ ಕಿತ್ತೂರಿಗೆ ವರ್ಗವಾಯಿತು. ನಮ್ಮ ಇಲಾಖೆಯ ವರ್ಗಾವಣೆಗಳು ಸರಿಯಾಗಿ ಮಳೆಯ ಜೊತೆಗೇ ಬರುತ್ತವೆ, ಅದೇನು ಲೆಕ್ಕವೋ. ರಾಮದುರ್ಗದಿಂದ ಕಿತ್ತೂರೆಂದರೆ ಒಣನೆಲದಿಂದ ಮಲೆನಾಡಿನ ಸೆರಗಿಗೆ ಬಂದಂತೆ. ಜುಲೈ ತಿಂಗಳಲ್ಲಿ ಗೋಡೆ ಬೆವರುತ್ತಿತ್ತು, ಉಪ್ಪು ನೀರಾಗುತ್ತಿತ್ತು. ಹದಿನೈದು ದಿನಕ್ಕೆ ಎಲೆಯ ಅಂಚಿಗೆ ಬೆಳ್ಳನೆಯ ನವಿರು ಕಂಡಿತು. ಅತ್ತೆಯವರು ಒಂದೊಂದು ಎಲೆಯನ್ನೂ ಒಣ ಅರಿವೆಯಿಂದ ಒರೆಸಿ ಒಲೆಯ ಮೇಲಿನ ನೆಲುವಿಗೆ ಹಾಕಿದರು. ಐದಾರು ಎಲೆ ಎಸೆಯಬೇಕಾಯಿತು. ಅವತ್ತು ರಾತ್ರಿ ಮಾವನವರು ಊಟಕ್ಕೆ ಏಳಲಿಲ್ಲ.

ಆಗ ಬಂದವನು ಹಿರಿಯ ನಾದಿನಿಯ ಮಗ. ಪುಣೆಯಲ್ಲಿ ಕಂಪನಿ ಕೆಲಸ, ಎರಡು ವರ್ಷ ಅಮೆರಿಕದಲ್ಲಿ ಇದ್ದು ಬಂದವನು. ಅಲ್ಲಿಯ ಶ್ರೀಮಂತರು ಸಿಗಾರುಗಳನ್ನು ಹದ ಕೆಡದಂತೆ ಕಾಯಲು ಮರದ ಪೆಟ್ಟಿಗೆ ಇಟ್ಟುಕೊಳ್ಳುತ್ತಾರಂತೆ. ಆ ಮರಕ್ಕೆ ಸ್ಪ್ಯಾನಿಶ್ ಸೀಡರ್ ಎಂದು ಹೆಸರು, ಕುಲ ಮಾತ್ರ ನಮ್ಮ ಬೇವಿನದು. ಇದನ್ನು ಕೇಳಿ ನನಗೆ ಖುಷಿಯಾಯಿತು. ಕಾಳಿನಲ್ಲಿ ಬೇವಿನ ಸೊಪ್ಪು ಹಾಕಿ ಇಡುವವರು ನಾವು. ಮನೆ ಬದಲಿಸುವಾಗ, ಇಲ್ಲವೇ ಬಹಳ ದಿನ ಊರು ಬಿಡುವಾಗ, ಅವರು ಆ ಮರದ ಪೆಟ್ಟಿಗೆಯನ್ನು ನಂಬುವುದಿಲ್ಲವಂತೆ. ಸಿಗಾರುಗಳನ್ನೆಲ್ಲ ಒಂದು ಐಸ್ ಬಾಕ್ಸಿನಲ್ಲಿ ಹಾಕಿ ಮುಚ್ಚಿಬಿಡುತ್ತಾರಂತೆ, ಬರ್ಫ ಹಾಕದೆ. “ಅತ್ತೀ, ಅಜ್ಜಂದೂ ಹಂಗ ಇಡೋಣು” ಎಂದು ತಾನು ಪ್ರವಾಸಕ್ಕೆಂದು ಕೊಂಡಿದ್ದ ನೀಲಿ ಬಣ್ಣದ ಪೆಟ್ಟಿಗೆಯನ್ನೇ ಮುಂದಿನ ಸಲ ಬರುವಾಗ ತಂದ. ಪೋಲಿಯೋ ಹನಿ ಹಾಕಲು ಬರುವ ಸಿಸ್ಟರುಗಳ ಹೆಗಲಲ್ಲಿ ನೋಡಿರುತ್ತೀರಲ್ಲ, ಅದರ ದೊಡ್ಡಣ್ಣ.

ಅದರಲ್ಲಿ ಮಂತ್ರವೇನೂ ಇಲ್ಲ. ಎರಡು ಪ್ಲಾಸ್ಟಿಕ್ ಗೋಡೆಗಳ ನಡುವೆ ನೊರೆಯಂಥ ಪದರ, ಅದರ ತುಂಬ ಗಾಳಿಯ ಗುಳ್ಳೆ. ಹೊರಗಿನ ಬಿಸಿ ಒಳಗೆ ಮುಟ್ಟುವುದರಲ್ಲಿ ಸಂಜೆಯಾಗಿರುತ್ತದೆ. ಮುಚ್ಚಳ ಬಿಗಿಯಾಗಿ ಕೂಡುವುದರಿಂದ ತೇವ ಹೊರಗೂ ಹೋಗದು, ಒಳಗೂ ಬಾರದು. ಮೊದಲು ಹೊಸ ಪ್ಲಾಸ್ಟಿಕ್ಕಿನ ವಾಸನೆ ಹೋಗಬೇಕು, ಇಲ್ಲದಿದ್ದರೆ ಎಲೆ ಅದನ್ನೇ ಹೀರುತ್ತದೆ. ಸೋಡಾಪುಡಿ ಹಾಕಿ ತೊಳೆದು, ನೆರಳಿನಲ್ಲಿ ಬಾಯಿ ತೆರೆದು ಎಂಟು ದಿನ ಇಟ್ಟೆವು. ನೀರು ಬಸಿಯಲೆಂದು ತಳದಲ್ಲಿ ಒಂದು ತೂತು ಇರುತ್ತದೆ, ಅದರ ಬಿರಡೆ ಸರಿಯಾಗಿ ಕೂತಿದೆಯೇ ನೋಡಿಕೊಳ್ಳಬೇಕು.

ಇನ್ನು ಹದದ ಪ್ರಶ್ನೆ. ನಮ್ಮ ಶಾಲೆಯ ವಿಜ್ಞಾನದ ಸರ್ ಇದಕ್ಕೆ ಅಡುಗೆಮನೆಯದೇ ಉತ್ತರ ಕೊಟ್ಟರು. ಒಂದು ಬಟ್ಟಲಿನಲ್ಲಿ ಉಪ್ಪು ಹಾಕಿ, ಪೂರ್ತಿ ಕರಗದಷ್ಟು, ಗಟ್ಟಿ ಹಿಟ್ಟಿನ ಹಾಗೆ ಆಗುವಷ್ಟು ಮಾತ್ರ ನೀರು ಬೆರೆಸಿ ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟರೆ ಅಲ್ಲಿಯ ಗಾಳಿಯ ತೇವ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಕಡಿಮೆಯಿದ್ದರೆ ಉಪ್ಪುನೀರು ಕೊಡುತ್ತದೆ, ಹೆಚ್ಚಾದರೆ ಉಪ್ಪೇ ಹೀರುತ್ತದೆ. ಸಿಗಾರಿನವರು 65ರಿಂದ 70 ಸಾಕೆನ್ನುತ್ತಾರಂತೆ. ಅದಕ್ಕೆ ನಾವು ಬಟ್ಟಲನ್ನು ನಾಲ್ಕು ದಿನ ಇಟ್ಟು, ಎಲೆ ಮೆತ್ತಗಾದ ಕೂಡಲೇ ತೆಗೆದುಬಿಡುತ್ತಿದ್ದೆವು. ಪೆಟ್ಟಿಗೆಯಲ್ಲಿ ಖಾಲಿ ಜಾಗವಿದ್ದಷ್ಟೂ ಹದ ಬೇಗ ಏರಿಳಿಯುತ್ತದೆಂದು ಉಳಿದ ಜಾಗದಲ್ಲಿ ಚೆನ್ನಾಗಿ ಒಣಗಿದ ಮರದ ಪಟ್ಟಿ ತುಂಬಿದೆವು. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಗಾಳಿ ಆಡಿಸುವುದು, ಮತ್ತೆ ಮುಚ್ಚುವುದು.

ಹುಳದ ಕಾಟವೊಂದು ಉಳಿಯಿತು. ಅರಿಷಿಣದ ಕೊಂಬಿನಲ್ಲಿ, ಹವೀಜದಲ್ಲಿ ಸಣ್ಣ ತೂತು ಕೊರೆಯುವ ಕಂದು ಬಣ್ಣದ ಸೂಕ್ಷ್ಮ ಹುಳವನ್ನು ನೀವೂ ಶಪಿಸಿರುತ್ತೀರಿ. ತಂಬಾಕನ್ನು ತಿನ್ನುವುದೂ ಅದೇ. ಮನುಷ್ಯನಿಗೆ ವಿಷವಾದದ್ದು ಅದಕ್ಕೆ ಮೃಷ್ಟಾನ್ನ. ಸೆಕೆಯಾದಾಗ ಅದರ ತತ್ತಿ ಒಡೆಯುತ್ತದೆ, ಕೊರೆಯುವ ಚಳಿಗೆ ಸಾಯುತ್ತದೆ. ಎಲೆಯನ್ನು ಬಿಗಿಯಾದ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ನಾಲ್ಕೈದು ದಿನ ಇಟ್ಟು, ಒಂದು ದಿನ ಕೆಳಗಿನ ಖಾನೆಯಲ್ಲಿಟ್ಟು, ಆಮೇಲೆ ಹೊರಗೆ ತೆಗೆದೆವು. ಹಾಲಿನ ಪಕ್ಕದಲ್ಲಿ ತಂಬಾಕು ಕಂಡು ಅತ್ತೆಯವರು ಆ ವಾರವೆಲ್ಲ ಫ್ರಿಜ್ಜಿನ ನೀರು ಮುಟ್ಟಲಿಲ್ಲ.

ಮಾವನವರು ಈ ಎಲ್ಲ ಕಾರಭಾರವನ್ನು ಬಾಗಿಲಿಗೆ ಆತು ಕೂತು ನೋಡಿದರು. ಮುಚ್ಚಳ ಹಾಕಿದ ಮೇಲೆ ಎದ್ದು ಬಂದು ಪೆಟ್ಟಿಗೆಯನ್ನು ಬೆರಳಿನಿಂದ ಬಡಿದು, “ಇದೇನ ಹೊಸಾದಲ್ಲ ಬಿಡ್ರಿ. ಹೊತಗೊಂಡ ಹೋಗೂ ಹಗೇವ ಇದು” ಎಂದರು.

ಈಗಿನ ಹುಡುಗಿಯರಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ಗಟ್ಟಿ ನೆಲದಲ್ಲಿ ಆಳಕ್ಕೆ ಗುಂಡಿ ತೋಡಿ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು ಬಿಟ್ಟು, ಒಳಗೆ ಒಣ ಕಣಿಕೆ ಹಾಸಿ ಜೋಳ ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳವೂ ಉಸಿರಾಡಿ ಪ್ರಾಣವಾಯು ತೀರಿ ಇಂಗಾಲದ ಗಾಳಿ ತುಂಬುತ್ತಿತ್ತು. ಹುಳ ತಾನೇ ಸಾಯುತ್ತಿತ್ತು, ಜೋಳ ವರ್ಷಗಟ್ಟಲೆ ಇರುತ್ತಿತ್ತು. ತೆರೆದ ಕೂಡಲೇ ಇಳಿದವರು ಮೇಲೆ ಬಂದದ್ದಿಲ್ಲ. ಅದಕ್ಕೇ ಮೊದಲು ಕಂದೀಲು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಮುಳುಗಡೆಯ ವರ್ಷ ಮಾವನವರ ಮನೆಯಲ್ಲಿ ಅಂಥವು ಎರಡಿದ್ದವು. ಎಲ್ಲ ಸಾಮಾನು ಬಂಡಿಗೆ ಹೇರಿದ ಮೇಲೆ ಅವರು ಖಾಲಿ ಹಗೇವಿನ ಬಾಯಿಗೆ ಮತ್ತೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರಂತೆ. ನೀರು ಬರುವ ಊರಿನಲ್ಲಿ ಖಾಲಿ ಹಗೇವು ಯಾಕೆ ಮುಚ್ಚಿದಿರಿ ಎಂದು ಒಮ್ಮೆ ಕೇಳಿದೆ. “ತೆರದ ಬಿಟ್ಟ ಬರಾಕ ಮನಸ ಆಗಲಿಲ್ಲವಾ” ಎಂದರು.

2011ರಲ್ಲಿ ಕೆಮ್ಮು ಜೋರಾಗಿ, ಡಾಕ್ಟರರು ಗದರಿಸಿದ ಮೇಲೆ ಸಂತೆಯ ತಂಬಾಕು ನಿಂತಿತು. ಎಂಬತ್ತರ ಹತ್ತಿರದ ಮನುಷ್ಯ ಒಂದೇ ಮಾತಿಗೆ ಬಿಟ್ಟದ್ದು ನನಗೆ ಇಂದಿಗೂ ಆಶ್ಚರ್ಯ. ಎಳ್ಳು ಅಮಾವಾಸ್ಯೆ ಬಂದಾಗ ಏನು ಮಾಡುತ್ತಾರೋ ಎಂದು ಮನೆಯವರೆಲ್ಲ ಒಳಗೇ ಅಂಜಿದ್ದೆವು. ಅವರು ಪೆಟ್ಟಿಗೆ ತರಿಸಿ, ಮುಚ್ಚಳ ತೆಗೆದು, ಸೂಡನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತರು. ಮತ್ತೆ ಇಟ್ಟು ಮುಚ್ಚಿದರು. ಮುಂದೆ ಪ್ರತಿ ವರ್ಷವೂ ಅಷ್ಟೇ.

2016ರಲ್ಲಿ ಬೈಲಹೊಂಗಲಕ್ಕೆ ಬಂದೆವು. ಕಿತ್ತೂರಿನಿಂದ ಚನ್ನಮ್ಮ ರಾಣಿ ಈ ಊರಿಗೆ ಬಂದದ್ದು ಸೆರೆಯಾಳಾಗಿ, 1829ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ನಾವು ಬಂದದ್ದು ಟೆಂಪೋದಲ್ಲಿ, ಮಳೆಯಲ್ಲಿ, ತಾಡಪತ್ರಿ ಹರಿದು ಅರ್ಧ ಹಾಸಿಗೆ ತೊಯ್ದುಕೊಂಡು. ಮಾವನವರು ಡ್ರೈವರನ ಪಕ್ಕ ನೀಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಡ್ರೈವರ್ ಹುಡುಗ, “ಏನ ಅಜ್ಜಾರ, ಐಸ್‌ಕ್ರೀಮ್ ಐತೇನ?” ಎಂದು ಕೇಳಿದನಂತೆ. “ಹೊಲಾ ಐತಿ” ಎಂದರಂತೆ ಇವರು. ಹುಡುಗ ಮುಂದೆ ದಾರಿಯುದ್ದಕ್ಕೂ ಮಾತಾಡಲಿಲ್ಲವೆಂದು ನನ್ನ ಯಜಮಾನರು ಇಂದಿಗೂ ಹೇಳಿ ನಗುತ್ತಾರೆ. ಆ ಮಳೆಯಲ್ಲಿ ಸಂಡಿಗೆ ಹೋಯಿತು, ಅರ್ಧ ಚೀಲ ಕಡಲೆಹಿಟ್ಟು ಹೋಯಿತು. ಎಲೆಗೆ ಏನೂ ಆಗಲಿಲ್ಲ.

ಮರುವರ್ಷ ಮಾವನವರು ತೀರಿಕೊಂಡರು. ಪೆಟ್ಟಿಗೆಯಲ್ಲಿ ಈಗ ಹನ್ನೊಂದು ಎಲೆ ಇವೆ. ಮಣ್ಣಿಗೆ ಇಡುವಾಗ ಜೊತೆಗೆ ಹಾಕೋಣವೇ ಎಂದು ಯಾರೋ ಕೇಳಿದ್ದರು. ಅತ್ತೆಯವರು ಬೇಡವೆಂದರು, ಕಾರಣ ಹೇಳಲಿಲ್ಲ. ನನ್ನ ನಿವೃತ್ತಿಗೆ ಇನ್ನು ಹೆಚ್ಚು ವರ್ಷವಿಲ್ಲ. ಮಗ ಹುಬ್ಬಳ್ಳಿಯಲ್ಲಿ ಮನೆ ಮಾಡಿದ್ದಾನೆ, ಅಲ್ಲಿಗೆ ಬಾ ಎನ್ನುತ್ತಾನೆ, ಬರುವಾಗ ಹಳೆಯ ಸಾಮಾನು ಕಡಿಮೆ ಮಾಡು ಎಂದೂ ಹೇಳುತ್ತಾನೆ. ಹೋದ ಎಳ್ಳು ಅಮಾವಾಸ್ಯೆಗೆ ಉಪ್ಪಿನ ಬಟ್ಟಲು ಬದಲಿಸುತ್ತ, ಇವನ್ನು ಏನು ಮಾಡೋಣ ಎಂದು ಅತ್ತೆಯವರನ್ನು ಕೇಳಿದೆ. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಒಂದು ಎಲೆಯನ್ನು ಬೆರಳಿನಿಂದ ಸವರಿ, ಬಾಗಿಸಿ ನೋಡಿ, “ಹದಾ ಐತಲ್ಲ, ಮುಚ್ಚು” ಎಂದರು. ಮುಚ್ಚಿ, ಜೋಳದ ಚೀಲದ ಬಾಜೂಕೆ ಇಟ್ಟಿದ್ದೇನೆ.