ಹೂಂಗುಟ್ಟಲು ಬಿಡುವಿರಲಿ

ಗೋವಿನ ಹಾಡಿನ ಧ್ವನಿಮುದ್ರಿಕೆಗಳಿಗೆ ಈಗ ಬರವಿಲ್ಲ. ಮೊಬೈಲ್ ತೆರೆದರೆ ಬೇಕಾದಷ್ಟು ಸಿಗುತ್ತವೆ. ದನಿ ಇಂಪಾಗಿರುತ್ತದೆ, ಉಚ್ಚಾರಣೆ ಶುದ್ಧವಾಗಿರುತ್ತದೆ, ಹಿನ್ನೆಲೆ ವಾದ್ಯ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಕಾಳಿಂಗನೆಂಬ ಗೊಲ್ಲ ಒಂದೊಂದೇ ಹಸುವನ್ನು ಹೆಸರು ಹಿಡಿದು ಕರೆಯುವ ಭಾಗ ಕೂಡ ಅದೇ ತಾಳದ ಮೇಲೆ ಓಡಿಹೋಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮಗುವಿನ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ. ಮ್ಯಾಸಬೇಡರ ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಕಾಡುಗೊಲ್ಲರ ಹಟ್ಟಿಗಳು, ಅಮೃತಮಹಲ್ ಕಾವಲು ಇವೆಲ್ಲ ಇರುವ ನೆಲ ಇದು. ದನ ಕರೆಯುವವನ ಕೂಗು ಎಲ್ಲಿ ಏರುತ್ತದೆ, ಎಲ್ಲಿ ಎಳೆಯುತ್ತದೆ, ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತದೆ ಎಂಬುದು ಇಲ್ಲಿನ ಬಯಲಿಗೆ ಗೊತ್ತು. ಪುಸ್ತಕದಲ್ಲಿರುವುದನ್ನು ಓದಿ ಸಂಗೀತ ಸೇರಿಸಿಬಿಟ್ಟರೆ ಕಥೆ ಕಿವಿಗೆ ಒಗ್ಗುವುದಿಲ್ಲ. ಅದನ್ನು ಆಯಾ ನೆಲದ ದನಿಗೆ ಒಪ್ಪಿಸಬೇಕು.

ಆ ವಿದ್ಯೆಯನ್ನು ಬೇರೆಲ್ಲಿಂದಲೋ ತರಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಹಾಡುಗಾರ್ತಿ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೆ ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಕೂತು ಬರೆದುಕೊಂಡಷ್ಟೂ ಅವರ ಬಾಯಲ್ಲಿ ಪದಗಳಿದ್ದವು. ಅಷ್ಟು ದೊಡ್ಡ ಹಾಡುಗಾರಿಕೆ ನೆನಪಿನಲ್ಲಿ ನಿಲ್ಲುವುದು ಸೊಲ್ಲು ಮರಳಿ ಮರಳಿ ಬರುವುದರಿಂದ. ಒಬ್ಬರು ಎತ್ತಿಕೊಟ್ಟದ್ದನ್ನು ಇನ್ನೊಬ್ಬರು ಹಿಡಿಯುವುದರಿಂದ. ಕಾಡುಗೊಲ್ಲರ ಜುಂಜಪ್ಪನ ಕಾವ್ಯದಲ್ಲಿ ಗಣೆಯೆಂಬ ಉದ್ದನೆಯ ಕೊಳಲನ್ನು ಊದುವ ಬಾಯೇ ಹಾಡುವುದೂ ಉಂಟು. ಆಗ ಮಾತಿನ ಮೇಲೆ ವಾದ್ಯ ಕವಿಯುವ ಮಾತೇ ಇಲ್ಲ. ಗಣೆ ನಿಂತ ಮೇಲೆ ಮಾತು, ಮಾತು ನಿಂತ ಮೇಲೆ ಗಣೆ. ಇನ್ನು ಮನೆಯಲ್ಲಿ ಅಜ್ಜಿ ಹೇಳುವ ಕಥೆಗಂತೂ ಕೇಳುವವರು ‘ಹೂಂ’ ಅನ್ನಲೇಬೇಕು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಂತಿತು. ಮಕ್ಕಳ ಧ್ವನಿಕಥೆ ಮಾಡುವವರು ಮೊದಲು ಕಲಿಯಬೇಕಾದದ್ದು ಈ ಬಿಡುವನ್ನು.

ಕೇಳುವ ರೂಢಿ ಬೆಳೆದರೆ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ ಎಂಬ ಆತಂಕ ಹಲವರಿಗಿದೆ. ಪುಸ್ತಕದ ಮೇಲಿನ ಪ್ರೀತಿಯಿಂದಲೇ ಬಂದ ಆತಂಕ ಅದು, ತಳ್ಳಿಹಾಕುವಂಥದ್ದಲ್ಲ. ಆದರೆ ಆಂಧ್ರದ ಅನಂತಪುರ ಜಿಲ್ಲೆಗೆ ಹೊಂದಿಕೊಂಡ ಈ ಗಡಿಯಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಕಿವಿಯಲ್ಲಿ ಇನ್ನೂ ಕೂರದ ನುಡಿಯನ್ನು ಕಣ್ಣಿನಿಂದ ಓದು ಎಂದರೆ ಮಗು ಅಕ್ಷರ ಜೋಡಿಸುತ್ತದೆಯೇ ಹೊರತು ಅರ್ಥದ ಹತ್ತಿರ ಹೋಗುವುದಿಲ್ಲ. ಮೊದಲು ಕಥೆಯಾಗಿ ಕೇಳಿದ ಕನ್ನಡ ಆಮೇಲೆ ಪುಟದಲ್ಲಿ ಎದುರಾದಾಗ ಪರಿಚಿತವಾಗಿರುತ್ತದೆ. ಕೇಳುವುದು ಓದಿನ ವೈರಿಯಲ್ಲ, ಇಲ್ಲಿ ಅದೇ ಓದಿನ ಹೊಸ್ತಿಲು. ಹಾಗಾದರೆ ಆಡುಮಾತಿನಲ್ಲಿ ಹೇಳಿದರೆ ಶಾಲೆಯ ಕನ್ನಡ ಕೆಡದೇ ಎನ್ನಬಹುದು. ನಿರೂಪಣೆ ಪುಸ್ತಕದ ಕನ್ನಡದಲ್ಲೇ ಇರಲಿ, ಹುಲಿಯೂ ಹಸುವೂ ಗೊಲ್ಲನೂ ಚಳ್ಳಕೆರೆಯ ಮಾತಾಡಲಿ. ಎರಡನ್ನೂ ಒಟ್ಟಿಗೆ ಕೇಳಿದ ಮಗು ಎರಡನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ. ಎರಡು ಭಾಷೆಗಳ ನಡುವೆ ದಿನಾ ಓಡಾಡುವ ಮಗುವಿಗೆ ಇದೊಂದು ಹೊರೆಯಲ್ಲ.

ಹಳೆಯ ಕೃತಿಯನ್ನು ಹೀಗೆ ಊರಿಗೊಂದರಂತೆ ಬದಲಿಸುವುದು ಅಪಚಾರವಲ್ಲವೇ? ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನೆನೆಯೋಣ. ರಾಬರ್ಟ್ ಬ್ರೌನಿಂಗ್ ಹೇಳಿದ ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಕಥೆ ಅಲ್ಲಿ ತುಂಗಾ ತೀರಕ್ಕೆ ಬಂತು, ಕೊಳಲು ಊದುವವನು ಕಿಂದರಿ ಹಿಡಿದ ಜೋಗಿಯಾದ. ಕಥೆಗೆ ಕುಂದಾಗಲಿಲ್ಲ, ಕನ್ನಡದ ಮಕ್ಕಳಿಗೆ ಅದು ತಮ್ಮದೇ ಆಯಿತು. ಜರ್ಮನಿಯಿಂದ ತುಂಗೆಗೆ ಬರಬಲ್ಲ ಕಥೆಗೆ ತುಂಗೆಯಿಂದ ಚಳ್ಳಕೆರೆ ಸೀಮೆಯ ವೇದಾವತಿ ದೂರವಲ್ಲ.

ಒಂದು ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. ಮಗು ಹೂಂ ಅಂದದ್ದು ಯಂತ್ರಕ್ಕೆ ಕೇಳಿಸುವುದಿಲ್ಲ, ಮಗು ನಿದ್ದೆಹೋದರೂ ಅದು ಹೇಳುತ್ತಲೇ ಇರುತ್ತದೆ. ಅದಕ್ಕೇ ಧ್ವನಿಕಥೆಯನ್ನು ಮಗುವಿನ ಕಿವಿಗೆ ಸಿಕ್ಕಿಸಿ ಎದ್ದು ಹೋಗಬಾರದು. ಅಂಗನವಾಡಿಯಲ್ಲಿ, ತರಗತಿಯಲ್ಲಿ, ಮನೆಯ ಪಡಸಾಲೆಯಲ್ಲಿ ಹತ್ತು ಕಿವಿಗಳು ಒಟ್ಟಿಗೆ ಕೇಳಲಿ, ಸೊಲ್ಲು ಬಂದಾಗ ಹತ್ತು ಬಾಯಿ ಸೇರಲಿ. ಸಿರಿಯಜ್ಜಿ ಈಗಿಲ್ಲ. ಆದರೆ ಹಟ್ಟಿಗಳಲ್ಲಿ ಪದ ಬಲ್ಲ ಹಿರಿಯರು ಇನ್ನೂ ಇದ್ದಾರೆ, ಚಿತ್ರದುರ್ಗದಲ್ಲಿ ಆಕಾಶವಾಣಿ ಕೇಂದ್ರವಿದೆ, ಮೇಷ್ಟ್ರುಗಳ ಕೈಯಲ್ಲಿ ಮೊಬೈಲ್ ಇದೆ. ಮುಂದಿನ ಸಲ ಗೋವಿನ ಹಾಡನ್ನು ಮುದ್ರಿಸುವವರು ಕಾಳಿಂಗನ ಕರೆಯನ್ನಾದರೂ ಒಬ್ಬ ಕಿಲಾರಿಯ ಬಾಯಿಂದ ಕೂಗಿಸಲಿ.