ರೂಟರಿನ ಬಾಗಿಲು

ಆನ್‌ಲೈನ್ ಆಟ ನಡುವೆ ಕೈಕೊಟ್ಟಿತೆಂದರೆ ಮನೆಮಂದಿ ಮೊದಲು ದೂರುವುದು ಇಂಟರ್‌ನೆಟ್ಟಿನ ವೇಗವನ್ನು. ಆಮೇಲೆ ಆಡುವ ಹುಡುಗನನ್ನು. 50 ಎಂಬಿಪಿಎಸ್ ಇದ್ದದ್ದನ್ನು 100ಕ್ಕೆ ಏರಿಸಿ, ತಿಂಗಳ ಬಾಡಿಗೆಯನ್ನೂ ಏರಿಸಿಕೊಂಡು, ಕೊನೆಗೆ ಮೊದಲಿದ್ದಲ್ಲೇ ಕುಳಿತವರು ಎಷ್ಟೋ ಜನ. ನಿಜ ಹೇಳಬೇಕೆಂದರೆ, ಸಿನಿಮಾ ನೋಡಲು ಹರಿದುಬರುವ ಮಾಹಿತಿ ಒಂದು ಕೊಡದಷ್ಟಾದರೆ ಆಟಕ್ಕೆ ಬೇಕಾದದ್ದು ಒಂದು ಚೊಂಬು. ಬಹಳಷ್ಟು ಸಲ ತಡೆ ಇರುವುದು ಬಾಗಿಲಲ್ಲಿ.

ಹಾಸನದ ಒಂದು ಮನೆಯಲ್ಲಿ ಹೀಗೇ ಆಯಿತು. ಪಿಯುಸಿ ಮುಗಿಸಿದ ಹುಡುಗ. ಹೈಸ್ಕೂಲಿನಿಂದ ಜೊತೆಗಿದ್ದ ಮೂವರು ಗೆಳೆಯರು. ನಾಲ್ವರೂ ಸೇರಿ ಮೈನ್‌ಕ್ರಾಫ್ಟ್ ಆಟದಲ್ಲಿ ನಾಲ್ಕು ವರ್ಷದಿಂದ ಒಂದು ಊರು ಕಟ್ಟುತ್ತಿದ್ದರು. ಕೆರೆ, ಅದರ ಏರಿ, ಬೇಲೂರಿನಲ್ಲಿ ಕಂಡಂಥ ನಕ್ಷತ್ರಾಕಾರದ ಜಗತಿ, ಅದರ ಮೇಲೆ ಅರ್ಧ ಎದ್ದ ಗುಡಿ. ಭಾನುವಾರ ಇದೇ ಮನೆಯ ನಡುಮನೆಯಲ್ಲಿ ಕುಳಿತು ಆಡುತ್ತಿದ್ದವರು ಈಗ ಚದುರಿದ್ದರು. ಒಬ್ಬ ಕೋಟಾದ ಕೋಚಿಂಗಿಗೆ, ಒಬ್ಬ ಮಂಗಳೂರಿಗೆ, ಇನ್ನೊಬ್ಬ ಮೈಸೂರಿಗೆ. ಹುಡುಗ ತನ್ನ ಹೊಸ ಲ್ಯಾಪ್‌ಟಾಪಿಗೆ ಆ ಊರನ್ನು ನಕಲಿಸಿಕೊಂಡು ಎಲ್ಲರನ್ನೂ ಕರೆದ. ಒಬ್ಬರಿಗೂ ಒಳಗೆ ಬರಲಾಗಲಿಲ್ಲ. ಮೂರನೆಯ ವಾರಕ್ಕೆ ಕೋಟಾದವನು ಪ್ರಯತ್ನಿಸುವುದನ್ನೇ ಬಿಟ್ಟ. ಅಪ್ಪನಿಗೆ ಇದೆಲ್ಲ ಆಟದ ಚಪಲವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಹುಡುಗನಿಗೆ ಮಾತ್ರ ಊರೇ ಕೈತಪ್ಪುತ್ತಿತ್ತು.

ಹಳೆಯ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಹತ್ತು ಸಂಸಾರ, ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು. ಮನೆಯ ರೂಟರೂ ಹಾಗೆಯೇ. ಇಂಟರ್‌ನೆಟ್ಟಿನ ಹಳೆಯ ಪದ್ಧತಿಯ ವಿಳಾಸಗಳು 32 ಬಿಟ್‌ನವು. ಒಟ್ಟು ಸುಮಾರು 430 ಕೋಟಿ. ಜಗತ್ತಿನ ಪ್ರತಿ ಫೋನು, ಟಿವಿ, ಲ್ಯಾಪ್‌ಟಾಪಿಗೆ ಅದು ಸಾಲದು. ಆದ್ದರಿಂದ ಮನೆಯೊಳಗಿನ ಯಂತ್ರಗಳಿಗೆ 192.168 ಎಂದು ಶುರುವಾಗುವ ಖಾಸಗಿ ನಂಬರು ಕೊಟ್ಟು, ಹೊರಗಿನ ಒಂದೇ ವಿಳಾಸವನ್ನು ಎಲ್ಲರೂ ಹಂಚಿಕೊಳ್ಳುವ ಏರ್ಪಾಡು 1990ರ ದಶಕದಲ್ಲಿ ಬಂತು. ಒಳಗಿನಿಂದ ಯಾರು ಕಾಗದ ಬರೆದರೆಂದು ರೂಟರು ಗುರುತು ಹಾಕಿಕೊಳ್ಳುತ್ತದೆ. ಉತ್ತರ ಬಂದರೆ ಅವರಿಗೇ ತಲುಪಿಸುತ್ತದೆ. ಯಾರೂ ಕರೆಯದ ಅಪರಿಚಿತ ಬಂದರೆ ಯಾರ ಮನೆಗೆ ಕಳಿಸಬೇಕೆಂದು ಗೊತ್ತಿಲ್ಲದೆ ಹಿಂದಕ್ಕಟ್ಟುತ್ತದೆ. ದೂರದಿಂದ ಬಂದ ಗೆಳೆಯರೂ ಅದರ ಕಣ್ಣಿಗೆ ಅಪರಿಚಿತರೇ.

ಹುಡುಗ ಲ್ಯಾಬಿನ ಪ್ರಯೋಗದಂತೆ ಒಂದೊಂದೇ ಹಂತ ಹಿಡಿದು ಹೋದ. ಅದು ಒಳ್ಳೆಯ ಕ್ರಮ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದೇ ತಿಳಿಯುವುದಿಲ್ಲ. ಮೊದಲು ಮನೆಯಲ್ಲೇ ಇದ್ದ ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಹೋಗಿ ನೋಡಿದ. ಆಗಲಿಲ್ಲ. ಹಾಗಾದರೆ ರೂಟರಿಗಿಂತ ಮುಂಚೆಯೇ ಒಂದು ತಡೆ ಇದೆ ಎಂದಾಯಿತು. ಲ್ಯಾಪ್‌ಟಾಪಿನಲ್ಲಿ ಆಟದ ಸರ್ವರನ್ನು ಮೊದಲ ಸಲ ತೆರೆದಾಗ ವಿಂಡೋಸ್ ಫೈರ್‌ವಾಲ್ 'ಅನುಮತಿ ಕೊಡಲೇ?' ಎಂದು ಕೇಳಿತ್ತು. ಅವಸರದಲ್ಲಿ ಕ್ಯಾನ್ಸಲ್ ಒತ್ತಿದ್ದರಿಂದ, ಬೇಡವೆಂಬ ನಿಯಮವನ್ನೇ ಬರೆದಿಟ್ಟುಕೊಂಡಿತ್ತು. ಅದನ್ನು ತೆಗೆದ.

ಮನೆಯೊಳಗೆ ಸರಿಯಾಯಿತು, ಹೊರಗಿನಿಂದ ಇಲ್ಲ. ರೂಟರಿನ ಪುಟದಲ್ಲಿ ಮೈನ್‌ಕ್ರಾಫ್ಟಿನ ಪೋರ್ಟ್ 25565ಕ್ಕೆ ಬಂದದ್ದನ್ನು ಲ್ಯಾಪ್‌ಟಾಪಿಗೆ ಕಳಿಸು ಎಂದು ಬರೆದ. ಮಂಗಳೂರಿನವನು ಒಳಗೆ ಬಂದ! ಮರುದಿನ ಮತ್ತೆ ಮುಚ್ಚಿತು. ರಾತ್ರಿ ವಿದ್ಯುತ್ ಹೋಗಿ ಬಂದಾಗ ರೂಟರು ಲ್ಯಾಪ್‌ಟಾಪಿಗೆ ಬೇರೆ ನಂಬರು ಹಂಚಿತ್ತು. ಕಾಗದ ಹಳೆಯ ಮನೆಗೇ ಹೋಗುತ್ತಿತ್ತು. ಆ ನಂಬರನ್ನು ಕಾಯಂ ಮಾಡಬೇಕಾಯಿತು.

ಈ ಮನೆಗೆ ತನ್ನದೇ ಹೊರವಿಳಾಸವಿತ್ತು. ಎಲ್ಲರಿಗೂ ಆ ಭಾಗ್ಯವಿಲ್ಲ. ರೂಟರಿನ ಹೊರವಿಳಾಸ 100.64ರಿಂದ 100.127ರೊಳಗೆ ಇದ್ದರೆ, ಸಂಪರ್ಕ ಕೊಡುವ ಕಂಪನಿಯೇ ವಠಾರಗಳನ್ನೆಲ್ಲ ಇನ್ನೊಂದು ದೊಡ್ಡ ವಠಾರದೊಳಗೆ ಇಟ್ಟಿದೆಯೆಂದು ಅರ್ಥ. ಆಗ ಮನೆಯಲ್ಲಿ ಯಾವ ಕೀಲಿ ತಿರುಗಿಸಿದರೂ ವ್ಯರ್ಥ. ಕಂಪನಿಯಿಂದ ಸ್ವಂತ ವಿಳಾಸ ಕೇಳಿ ಪಡೆಯಬೇಕು.

ಈ ನಡುವೆ ಬಲ್ಲವರೊಬ್ಬರು, 'ಅಷ್ಟೆಲ್ಲ ಯಾಕೆ, ಫೈರ್‌ವಾಲ್ ಪೂರ್ತಿ ಆಫ್ ಮಾಡಿಬಿಡು' ಎಂದು ಸಲಹೆ ಕೊಟ್ಟಿದ್ದರು. ಸೊಳ್ಳೆ ಕಾಟಕ್ಕೆ ಕಿಟಕಿ ಕಿತ್ತುಹಾಕುವಂಥ ಸಲಹೆ. ಹುಡುಗ ಅದನ್ನು ಕೇಳದೇ ಇದ್ದುದಕ್ಕೆ ಒಂದು ಕಾರಣವಿತ್ತು. ತೆರೆದ ಪೋರ್ಟುಗಳ ಪಟ್ಟಿಯಲ್ಲಿ ತಾನು ಬರೆಯದ ಇನ್ನೊಂದು ಸಾಲು ಅವನ ಕಣ್ಣಿಗೆ ಬಿತ್ತು. ಅಂಗಳ ಕಾಯಲೆಂದು ಅಪ್ಪ ಹಾಕಿಸಿದ್ದ ಕ್ಯಾಮೆರಾದ ಡಿವಿಆರ್, ಯುಪಿಎನ್‌ಪಿ ಎಂಬ ಸೌಕರ್ಯದ ಮೂಲಕ ಯಾರನ್ನೂ ಕೇಳದೆ ತಾನೇ ಬಾಗಿಲು ತೆರೆಸಿಕೊಂಡಿತ್ತು. ಅದರ ಪಾಸ್‌ವರ್ಡು ಕಾರ್ಖಾನೆಯಿಂದ ಬಂದದ್ದೇ.

'ಅಂದ್ರೆ ಇಷ್ಟು ದಿನ ಯಾರು ಬೇಕಾದರೂ ನಮ್ಮ ಅಂಗಳ ನೋಡಬಹುದಿತ್ತೇನೋ?' ಎಂದರು ಅಪ್ಪ.

'ನೋಡಿದ್ದಾರೋ ಇಲ್ಲವೋ ಗೊತ್ತಾಗಲ್ಲಪ್ಪ.'

ಆಟದ ವಿಷಯದಲ್ಲಿ ಅವರು ಕುರ್ಚಿ ಎಳೆದುಕೊಂಡು ಮಗನ ಪಕ್ಕ ಕುಳಿತದ್ದು ಅಂದೇ ಮೊದಲು.

ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. 2016ರಲ್ಲಿ ಅಮೆರಿಕದ ಮೂವರು ಯುವಕರು ಮಿರಾಯ್ ಎಂಬ ತಂತ್ರಾಂಶ ಬರೆದರು. ಕಾರ್ಖಾನೆಯ 60ಕ್ಕೂ ಹೆಚ್ಚು ಪಾಸ್‌ವರ್ಡುಗಳನ್ನು ಒಂದಾದ ಮೇಲೊಂದು ಪ್ರಯೋಗಿಸಿ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ವಶಮಾಡಿಕೊಳ್ಳುವುದು ಅದರ ಕೆಲಸ. ಒಂದು ಹಂತದಲ್ಲಿ ಸುಮಾರು 6 ಲಕ್ಷ ಯಂತ್ರಗಳು ಅದರ ಅಂಕೆಯಲ್ಲಿದ್ದವು. ಮಜಾ ಎಂದರೆ ಅವರು ಹೊರಟದ್ದು ಮೈನ್‌ಕ್ರಾಫ್ಟ್ ಸರ್ವರುಗಳ ವ್ಯಾಪಾರದ ಪೈಪೋಟಿಯಲ್ಲಿ ಎದುರಾಳಿಗಳನ್ನು ಮಲಗಿಸಲು! ಆಮೇಲೆ ಅದೇ ತಂತ್ರಾಂಶ ಬಯಲಾಗಿ, 2016ರ ಅಕ್ಟೋಬರ್ 21ರಂದು ಡಿನ್ ಎಂಬ ಕಂಪನಿಯ ಮೇಲೆ ದಾಳಿ ನಡೆದು, ಟ್ವಿಟರ್, ನೆಟ್‌ಫ್ಲಿಕ್ಸ್‌ಗಳು ಎಷ್ಟೋ ಹೊತ್ತು ತಡವರಿಸಿದವು. ಮೂವರೂ 2017ರಲ್ಲಿ ತಪ್ಪೊಪ್ಪಿಕೊಂಡರು.

ಅಪ್ಪ ಮಗ ಸೇರಿ ಡಿವಿಆರ್‌ನ ಪಾಸ್‌ವರ್ಡು ಬದಲಿಸಿದರು, ರೂಟರಿನದನ್ನೂ ಬದಲಿಸಿದರು, ಯುಪಿಎನ್‌ಪಿ ಮುಚ್ಚಿದರು. 25565 ಒಂದನ್ನು ಉಳಿಸಿಕೊಂಡು, ಸರ್ವರಿನ ವೈಟ್‌ಲಿಸ್ಟಿನಲ್ಲಿ ನಾಲ್ಕೇ ಹೆಸರು ಬರೆದರು.

ಉಳಿದದ್ದು ತಡವರಿಕೆ. ಹಾಸನದಿಂದ ಕೋಟಾಕ್ಕೆ ನೇರ ದೂರ ಸುಮಾರು 1,350 ಕಿ.ಮೀ.; ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿಬರಲು 13 ಮಿಲಿಸೆಕೆಂಡಾದರೂ ಬೇಕೇಬೇಕು. ಎಷ್ಟು ದುಡ್ಡು ಕೊಟ್ಟರೂ ಅದಕ್ಕಿಂತ ಕಡಿಮೆಯಾಗದು. ಆದರೆ ಸಂಜೆ ಅದು 400 ದಾಟುತ್ತಿತ್ತು. ಅಕ್ಕನ ಫೋನು ಮದುವೆಮನೆಯ ವಿಡಿಯೊಗಳನ್ನು ಬ್ಯಾಕಪ್‌ಗೆ ಏರಿಸುತ್ತಿದ್ದ ಹೊತ್ತು ಅದು. ರೂಟರಿನ ಸರದಿಯಲ್ಲಿ ಆ ದೊಡ್ಡ ಗಂಟುಗಳ ಹಿಂದೆ ಆಟದ ಪುಟ್ಟ ಚೀಟಿಗಳು ಕಾಯುತ್ತಿದ್ದವು. ಜಿಮ್ ಗೆಟಿಸ್ ಎಂಬ ತಂತ್ರಜ್ಞರು 2010ರಲ್ಲಿ ತಮ್ಮ ಮನೆಯ ಸಂಪರ್ಕದಲ್ಲೇ ಈ ರೋಗವನ್ನು ಕಂಡು, ಬಫರ್‌ಬ್ಲೋಟ್ ಎಂದು ಕರೆದರು. ಸಣ್ಣವರನ್ನು ಮುಂದೆ ಬಿಡುವ ಎಸ್‌ಕ್ಯುಎಂ ಎಂಬ ಏರ್ಪಾಡು ಕೆಲವು ರೂಟರುಗಳಲ್ಲಿದೆ. ಈ ಮನೆಯದರಲ್ಲಿ ಇರಲಿಲ್ಲ. ಕೊನೆಗೆ ಅಕ್ಕ ರಾತ್ರಿ ಹನ್ನೊಂದರ ಮೇಲೆ ಬ್ಯಾಕಪ್ ಹಾಕಲು ಒಪ್ಪಿದಳು, ಬೆಳಿಗ್ಗೆ ಹಾಲು ತರುವ ಕೆಲಸ ತಮ್ಮನದೆಂಬ ಷರತ್ತಿನ ಮೇಲೆ.